ಮಾಕಳಿಯ ದೋಣಿ, ಚಂದಾಪುರದ ನೀರು

ಬೀಳಗಿ
2 ಜೂನ್ 2025

ಇವರಿಗೆ,

ನಿನ್ನೆ ಫೋನಿನಲ್ಲಿ ನೀವು ಹೇಳಿದ್ದರಲ್ಲಿ ಅರ್ಧಕ್ಕರ್ಧ ಕೇಳಿಸಲಿಲ್ಲ. ಹಿಂದೆ ಗ್ರೈಂಡಿಂಗ್ ಸದ್ದು, ಮುಂದೆ ನಿಮ್ಮ ನಗು. ಕೇಳಿಸಿದ್ದು ಇಷ್ಟು: "ಭುವನಾ, ಬಾರ್ ತಗೊಂಡೆ. ಹಳೇದು. ಆದರೂ ಭಾಳ ಚಲೋ ಐತಿ."

ಸ್ಪೀಕರ್ ಹಾಕಿದ್ದೆ. ಅವ್ವ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಕೆಳಗಿಟ್ಟು, ಕೊರಳ ಲಿಂಗವನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದಳು. ಸಂಜೆ ಊಟ ಬೇಡ ಅಂದಳು. ಇವತ್ತು ಬೆಳಿಗ್ಗೆ ಹಿಂದಿನ ಮನೆಯ ಲಕ್ಷ್ಮಮ್ಮ ಸಮಾಧಾನ ಹೇಳಲು ಬಂದಿದ್ದರು. ಶಾಲೆಗೆ ಹೋದರೆ ಹೆಡ್ ಮಾಸ್ತರ ಸಿದ್ದಲಿಂಗಯ್ಯನವರು ಹಾಜರಿ ಪುಸ್ತಕದಿಂದ ತಲೆ ಎತ್ತದೆ ಕೇಳಿದರು: "ಟೀಚರ್, ಬರೇ ಬಾರೋ, ರೆಸ್ಟೋರೆಂಟೂ ಐತೋ?"

ಇನ್ನು ಈ ವಿಷಯ ಫೋನಿನಲ್ಲಿ ಬೇಡ. ಫೋನಿನಲ್ಲಿ ನಾನು ಏನು ಕೇಳಿದರೂ ನೀವು ಕಥೆ ಕೇಳುವ ಹುಡುಗರ ಹಾಗೆ ಹೂಂಗುಟ್ಟುತ್ತೀರಿ. ಕಾಗದದ ಮೇಲೆ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಏನು ತೆಗೆದುಕೊಂಡಿರಿ, ಯಾಕೆ ತೆಗೆದುಕೊಂಡಿರಿ, ಬರೆದು ಕಳಿಸಿ.

ವರ್ಗಾವಣೆ ಪಟ್ಟಿಯಲ್ಲಿ ನನ್ನ ಹೆಸರು ಈ ಸಲ ಮೇಲಕ್ಕೆ ಬಂದಿದೆ. ಕೌನ್ಸೆಲಿಂಗಿನಲ್ಲಿ ಕರೆದಾಗ ಒಂದು ತಾಲ್ಲೂಕು ಹೇಳಬೇಕು. ಒಮ್ಮೆ ಹೇಳಿದರೆ ಮುಗಿಯಿತು, ವರ್ಷಗಟ್ಟಲೆ ಅಲ್ಲೇ. ಮದುವೆಯಾದಾಗಿನಿಂದ ನಾವು ದಸರಾ ರಜೆಯ, ಬೇಸಿಗೆ ರಜೆಯ ಗಂಡ ಹೆಂಡತಿ. ಮನೆ ಎಲ್ಲಿ ಎಂದು ಗೊತ್ತಾದರೆ ತಾಲ್ಲೂಕು ಆರಿಸುತ್ತೇನೆ. ನಾನು ಕೇಳಿದ್ದು ಮನೆ. ನೆನಪಿರಲಿ.

ಭುವನೇಶ್ವರಿ


ಮಾಕಳಿ
8 ಜೂನ್ 2025

ಪ್ರಿಯ ಭುವನಾ,

ಮೊದಲು ಅತ್ತೆಗೆ ಊಟ ಮಾಡಿಸು. ಬಾರ್ ಅಲ್ಲ, ಬಾರ್ಜ್. ಕೊನೆಯ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳು. ಅಗಲವಾದ, ತಳ ಚಪ್ಪಟೆ ಇರುವ ಕಬ್ಬಿಣದ ದೋಣಿ. ಕೆರೆಯ ಹೂಳು, ಜೊಂಡು ಸಾಗಿಸಲು ಮಾಡಿದ್ದು.

ಒಂದಾನೊಂದು ಕಾಲದಲ್ಲಿ ವೈಟ್‌ಫೀಲ್ಡ್ ಕಡೆ ಒಬ್ಬ ಬಿಲ್ಡರ್ ಇದ್ದನಂತೆ. ಅವನು ವಿಲ್ಲಾಗಳ ನಡುವೆ ಒಂದು ಕೊಳ ಅಗೆಸಿದ. ಕೊಳದಲ್ಲಿ ಏನಾದರೂ ತೇಲಬೇಕಲ್ಲ ಎಂದು ಈ ಬಾರ್ಜ್ ತರಿಸಿ, ಮೇಲೆ ಎರಡು ಕೋಣೆ ಕಟ್ಟಿಸಿ, ಕಿಟಕಿಗೆ ಪರದೆ ಹಾಕಿಸಿ, ವಿಲ್ಲಾ ಕೊಳ್ಳುವವರಿಗೆ ಅಲ್ಲಿ ಕಾಫಿ ಕೊಡಿಸುತ್ತಿದ್ದ. ಕಾಫಿ ಕುಡಿದವರು ಬಹಳ, ವಿಲ್ಲಾ ಕೊಂಡವರು ಕಡಿಮೆ. ಬಿಲ್ಡರ್ ಒಂದು ದಿನ ಕಾಣೆಯಾದ, ಕೊಳ ಒಣಗಿತು, ದೋಣಿ ಲಾರಿ ಹತ್ತಿ ಮಾಕಳಿಯ ಮುನಿಯಣ್ಣನ ಗುಜರಿ ಯಾರ್ಡಿಗೆ ಬಂತು.

ನಾನು ಪೀಣ್ಯದ ನಮ್ಮ ಫ್ಯಾಬ್ರಿಕೇಶನ್ ಶೆಡ್ಡಿಗೆ ಕಬ್ಬಿಣದ ಚಾನೆಲ್ ತುಂಡು ಹುಡುಕಿಕೊಂಡು ಅಲ್ಲಿಗೆ ಹೋದಾಗ ದೋಣಿ ಕತ್ತರಿಸಲು ಗ್ಯಾಸ್ ಕಟ್ಟರಿಗೆ ಬೆಂಕಿ ಹಚ್ಚಿದ್ದರು. ನಿಲ್ಲಿಸಿ ಅಂದೆ. ಸುತ್ತಿಗೆ ಇಸಿದುಕೊಂಡು ತಳದ ಪ್ಲೇಟನ್ನು ಒಂದೊಂದು ಕಡೆ ಬಡಿದು ನೋಡಿದೆ. ತುಕ್ಕು ತಿಂದಿದ್ದರೆ ಮಡಕೆಯ ಸದ್ದು ಬರುತ್ತದೆ. ಇದು ಮಠದ ಗಂಟೆಯ ಹಾಗೆ ನುಡಿಯಿತು. ಮುನಿಯಣ್ಣ ನನ್ನ ಮುಖ ನೋಡಿ ನಕ್ಕ: "ಸಾರ್, ಕಬ್ಬಿಣ ಅಂತ ತಗೋತೀರೋ, ಮನೆ ಅಂತ ತಗೋತೀರೋ? ಮನೆ ಅಂದ್ರೆ ರೇಟೇ ಬೇರೆ."

ಸೈಟಿಗೆಂದು ಕೂಡಿಟ್ಟ ದುಡ್ಡು ಅದಕ್ಕೆ ಹೋಯಿತು. ಮುಚ್ಚಿಡುವುದಿಲ್ಲ. ಎರಡು ಕೋಣೆ, ಒಂದು ಅಡುಗೆ ಮೂಲೆ, ಸುತ್ತ ನಡೆದಾಡಲು ಜಾಗ. ಬೆಂಗಳೂರಿನಲ್ಲಿ ನಾಲ್ಕೂ ಕಡೆ ಕಿಟಕಿ ಇರುವ ಮನೆ ಯಾರಿಗಿದೆ, ಹೇಳು. ಯಾಕೆ ತೆಗೆದುಕೊಂಡೆ ಎಂದು ಕೇಳಿದ್ದೀಯ. ನಿನ್ನ ಸಲುವಾಗಿಯೇ. ಬಂದಾಗ ನಿನಗೇ ತಿಳಿಯುತ್ತದೆ.

ಸದ್ಯ ಅದು ಯಾರ್ಡಿನಲ್ಲೇ ಇದೆ. ಪತ್ರವನ್ನು ಮುನಿಯಣ್ಣನ ವಿಳಾಸಕ್ಕೇ ಬರೆ, ನನ್ನ ರೂಮಿಗಿಂತ ಅಲ್ಲೇ ಹೆಚ್ಚು ಇರುತ್ತೇನೆ.

ನಿನ್ನ,
ಪರಮಾನಂದ


ಬೀಳಗಿ
14 ಜೂನ್ 2025

ಇವರಿಗೆ,

ಬಾರ್ ಅಲ್ಲವೆಂದು ತಿಳಿದು ಅವ್ವ ಒಂದು ಹೊತ್ತು ನೆಮ್ಮದಿಯಾಗಿ ಉಂಡಳು. ದೋಣಿ ಎಂದು ತಿಳಿದ ಮೇಲೆ ಮತ್ತೆ ಬಿಟ್ಟಿದ್ದಾಳೆ. ಬಾರ್ ಆಗಿದ್ದರೆ ಮಾರಬಹುದಿತ್ತು ಎಂಬುದು ಅವಳ ಈಗಿನ ಅಭಿಪ್ರಾಯ.

ಅವಳು ಕೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ತಲಬಾಗಿಲು ಯಾವ ದಿಕ್ಕಿಗೆ? ದೇವರ ಜಗಲಿ ಎಲ್ಲಿ? ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಬೇಕಾದರೆ ಅಂಗಳ ಎಲ್ಲಿದೆ? ರಂಗೋಲಿ ಯಾವುದರ ಮೇಲೆ? ಬೀಗರು ಬಂದರೆ ಕಾಲಿಗೆ ನೀರು ಕೊಡುವುದೋ, ನೀರಿನಿಂದ ಎತ್ತಿಕೊಳ್ಳುವುದೋ?

ನಾನು ಕೇಳುವುದು ಒಂದೇ. ದೋಣಿ ಗುಜರಿ ಯಾರ್ಡಿನಲ್ಲಿದೆ ಎಂದಿರಿ. ಅದು ಅಲ್ಲೇ ಇರುತ್ತದೆಯೋ, ಎಲ್ಲಿಗಾದರೂ ಹೋಗುತ್ತದೆಯೋ? ನಿಮ್ಮ ಪತ್ರವನ್ನು ತಿರುಗಿಸಿ ಮುರುಗಿಸಿ ಓದಿದೆ, ನೀರು ಎಲ್ಲಿದೆ ಎಂದು ಎಲ್ಲೂ ಬರೆದಿಲ್ಲ. ನನ್ನ ಸಲುವಾಗಿ ಎಂದು ಬರೆದಿದ್ದೀರಿ. ನಾನು ಯಾವತ್ತು ದೋಣಿ ಕೇಳಿದ್ದೆ? ಸೀರೆ ತರಲು ಹೇಳಿದರೆ ಬಣ್ಣ ಕೇಳಿ ಹತ್ತು ಸಲ ಫೋನು ಮಾಡುವವರು ಇದಕ್ಕೆ ಒಂದು ಮಾತು ಕೇಳಲಿಲ್ಲ.

ನನಗೆ ಇದು ಇಷ್ಟವಿಲ್ಲ. ಸದ್ಯಕ್ಕೆ ಇಷ್ಟೇ ಬರೆಯುತ್ತೇನೆ.

ಭುವನೇಶ್ವರಿ


ಮಾಕಳಿ
21 ಜೂನ್ 2025

ಪ್ರಿಯ ಭುವನಾ,

ಅತ್ತೆಯ ಪ್ರಶ್ನೆಗಳನ್ನು ಯಾರ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮುನಿಯಣ್ಣನಂತೂ ಅತ್ತೆಯನ್ನೇ ಇಂಜಿನಿಯರ್ ಮಾಡಬೇಕಿತ್ತು ಅಂದ. ದಿಕ್ಕಿನ ವಿಷಯ ಹೀಗೆ: ನೀರಿನ ಮೇಲೆ ದೋಣಿಯನ್ನು ಒಂದೇ ಹಗ್ಗಕ್ಕೆ ಕಟ್ಟಿದರೆ ಗಾಳಿ ಬಂದ ಹಾಗೆ ತಿರುಗುತ್ತದೆ. ಬೆಳಿಗ್ಗೆ ಬಾಗಿಲು ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ. ಯಾವ ದಿಕ್ಕಿನ ದೇವರಿಗೂ ನಮ್ಮ ಮೇಲೆ ದೂರು ಇರುವುದಿಲ್ಲ.

ನೀರಿನದೇ ತೊಂದರೆ. ಹದಿನೈದು ದಿನದಿಂದ ಊರೆಲ್ಲ ಅಲೆದೆ. ಬೇಗೂರಿನ ಕಡೆ ಒಂದು ಕೆರೆ ನೋಡಿ ಮನಸ್ಸು ತಣ್ಣಗಾಯಿತು. ಅಲ್ಲಿನ ಕಾವಲುಗಾರನಿಗೆ ಕೇಳಿದರೆ ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ: "ಕೆರೆ ಇರೋದು ಸುತ್ತ ವಾಕ್ ಮಾಡೋಕೆ ಸಾರ್. ಒಳಗೆ ಇರೋಕಲ್ಲ." ಇನ್ನೊಂದು ಕೆರೆಯಲ್ಲಿ ನೀರಿಗಿಂತ ನೊರೆ ಹೆಚ್ಚು. ಮತ್ತೊಂದನ್ನು ಹುಡುಕಿ ಹೋದರೆ ಅಪಾರ್ಟ್‌ಮೆಂಟಿನ ಗೇಟು ಸಿಕ್ಕಿತು. ಬೋರ್ಡಿನ ಮೇಲೆ ಮಾತ್ರ ಕೆರೆಯ ಹೆಸರು.

ಆದರೂ ಬಿಡುವುದಿಲ್ಲ. ಯಾಕೆ ಎಂದು ಈಗ ಹೇಳಿಯೇ ಬಿಡುತ್ತೇನೆ, ನಿನಗೆ ಬಂದ ಮೇಲೆ ತೋರಿಸಬೇಕೆಂದಿದ್ದೆ. ನಾನು ಯಲಬುರ್ಗಿಯ ಕಡೆಯವನು, ಕೊಡ ನೀರಿಗೆ ಸರದಿ ನಿಂತು ಬೆಳೆದವನು. ಮದುವೆಯಾದ ಹೊಸದರಲ್ಲಿ ನೀನು ಅಮಾವಾಸ್ಯೆಯ ದಿನ ನನ್ನನ್ನು ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋಗಿದ್ದೆ. ಅಷ್ಟು ನೀರನ್ನು ನಾನು ಒಮ್ಮೆಗೇ ನೋಡಿದ್ದು ಅವತ್ತೇ. ನೀನು ಬಹಳ ಹೊತ್ತು ನೀರು ನೋಡುತ್ತ ನಿಂತೆ. ಮುಳುಗಡೆಯಾದ ನಮ್ಮೂರು ಇದರ ಅಡಿಯಲ್ಲಿದೆ ಎಂದು ನೀನು ಹೇಳಿದೆ. ಇವಳಿಗೆ ನೀರಿನ ಮೇಲೆ ಎಷ್ಟು ಮನಸ್ಸಿದೆ ಎಂದುಕೊಂಡೆ. ಗುಜರಿಯಲ್ಲಿ ಆ ದೋಣಿ ಕಂಡಾಗ ನನಗೆ ಹೊಳೆದದ್ದು ಇಷ್ಟೇ: ಭುವನಾಳಿಗೆ ಮುಳುಗದ ಮನೆ. ನೀರು ಏರಿದರೆ ಮನೆಯೂ ಏರುತ್ತದೆ.

ನಿನ್ನ,
ಪರಮಾನಂದ


ಬೀಳಗಿ
27 ಜೂನ್ 2025

ಪರಮಾನಂದ ಅವರಿಗೆ,

ನಿಮ್ಮ ಪತ್ರ ಓದಿದೆ. ಸುಮ್ಮನಿದ್ದರೆ ನೀವು ಅದನ್ನು ಒಪ್ಪಿಗೆ ಎಂದುಕೊಳ್ಳುತ್ತೀರಿ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮೂರು ಮುಳುಗುವಾಗ ನಾನು ಮೂರನೇ ಇಯತ್ತೆ. ಸರ್ವೆಯವರು ಬಂದು ಪ್ರತಿ ಮನೆಯ ಗೋಡೆಗೂ ನಂಬರು ಬರೆದು ಹೋಗಿದ್ದರು. ಅಪ್ಪ ಬಾಗಿಲು, ಚೌಕಟ್ಟು, ತೊಲೆ, ಎಲ್ಲ ಕಿತ್ತು ಚಕ್ಕಡಿಗೆ ಹೇರಿದ. ಮೇಲೆ ಆಕಾಶ, ಸುತ್ತ ಬರೀ ಗೋಡೆ. ಗಾಡಿ ಹೊರಡುವ ಹೊತ್ತಿಗೆ ಅವ್ವ ಇಲ್ಲ. ನೋಡಿದರೆ ಒಳಗೆ ಕುಳಿತು ನೆಲ ಸಾರಿಸುತ್ತಿದ್ದಾಳೆ. ಸಾರಿಸಿ, ಬಾಗಿಲಿಲ್ಲದ ಬಾಗಿಲ ಮುಂದೆ ರಂಗೋಲಿ ಹಾಕಿದಳು.

"ಯಾರ ಸಲುವಾಗಿ ಅವ್ವಾ?" ಎಂದು ಕೇಳಿದೆ.

"ಬರೋರ ಸಲುವಾಗಿ."

"ಯಾರು ಬರ್ತಾರ?"

"ನೀರು ಬರ್ತೈತಿ. ಹೊಲಸು ಮನ್ಯಾಗ ಕರೀಬಾರದು."

ನಾನು ದಂಡೆಗೆ ಹೋಗುವುದು ನೀರು ನೋಡಲು ಅಲ್ಲ. ಅಲ್ಲಿ ನಮ್ಮ ಮನೆ ಇದೆ, ದೇವರ ಜಗಲಿ ಇದೆ, ಎಡೆ ಹಿಡಿಯಲು ಹೋಗುತ್ತೇನೆ. ಕಣ್ಣಿಗೆ ಅಡ್ಡ ಬರುವುದು ನೀರು. ನೀವು ಪಕ್ಕದಲ್ಲೇ ನಿಂತಿದ್ದಿರಿ. ಏನು ನೋಡುತ್ತಿದ್ದೀ ಎಂದು ಒಂದು ಮಾತು ಕೇಳಿದ್ದರೆ ಈ ದೋಣಿ ಗುಜರಿಯಲ್ಲೇ ಕತ್ತರಿಸಿ ಹೋಗುತ್ತಿತ್ತು. ಈಗ ಆ ದೋಣಿಗೆ ಮುಳುಗದ ಮನೆ ಎಂದು ಹೆಸರಿಟ್ಟು ಕೊಡುತ್ತಿದ್ದೀರಿ. ಮುಳುಗಡೆಯವರಿಗೆ ಅದೊಂದು ಹೆಸರಲ್ಲ. ಅದೊಂದು ಅಣಕ.

ನೆಲದ ಮೇಲಿದ್ದರೆ, ಗುಜರಿ ಯಾರ್ಡಿನಲ್ಲೇ ಇದ್ದರೂ, ಬಂದು ನೋಡುತ್ತೇನೆ. ನೀರಿಗೆ ಇಳಿದರೆ ನಾನು ಬರುವುದಿಲ್ಲ. ವರ್ಗಾವಣೆ ಪಟ್ಟಿಯಿಂದ ಹೆಸರು ತೆಗೆಸುತ್ತೇನೆ.

ಭುವನೇಶ್ವರಿ


ಮಾಕಳಿ
28 ಜೂನ್ 2025

ಪ್ರಿಯ ಭುವನಾ,

ನೀರು ಸಿಕ್ಕಿತು.

ಚಂದಾಪುರದ ಆಚೆ ಒಂದು ಹಳೆಯ ಕಲ್ಲು ಕ್ವಾರಿ. ಕೆಲಸ ನಿಂತು ವರ್ಷಗಳಾಗಿವೆ, ಗುಂಡಿ ತುಂಬ ಮಳೆನೀರು. ಹಸಿರು ಗಾಜಿನಂಥ ನೀರು, ನೊರೆಯಿಲ್ಲ, ವಾಸನೆಯಿಲ್ಲ. ಜಾಗದ ಮಾಲೀಕ ಸೋಮಪ್ಪ ಅಂತ, ಒಳ್ಳೆಯ ಮನುಷ್ಯ. ಯಾರಾದರೂ ಅಲ್ಲಿದ್ದರೆ ರಾತ್ರೋರಾತ್ರಿ ಕಸ ಸುರಿಯುವವರ ಕಾಟ ತಪ್ಪುತ್ತದೆ ಎಂದು ಸಂತೋಷದಿಂದ ಒಪ್ಪಿದ.

ನಾಳೆಯೇ ಟ್ರೇಲರ್. ರುದ್ರೇಶ್ ಎಂಬ ಡ್ರೈವರ್ ಒಪ್ಪಿದ್ದಾನೆ. ಟೋಲಿನಲ್ಲಿ ಇದನ್ನು ಯಾವ ವಾಹನ ಎಂದು ಬರೆಸುವುದು ಎಂಬ ಚಿಂತೆ ಅವನಿಗೆ. ನೀನು ಈ ಪತ್ರ ಓದುವ ಹೊತ್ತಿಗೆ ನಮ್ಮ ಮನೆ ತೇಲುತ್ತಿರುತ್ತದೆ. ಆನೇಕಲ್ ತಾಲ್ಲೂಕು ಎಂದು ಬರೆಸು.

ನಿನ್ನ,
ಪರಮಾನಂದ


ಬೀಳಗಿ
3 ಜುಲೈ 2025

ಪರಮಾನಂದ ಅವರಿಗೆ,

ನಿಮ್ಮ ಪತ್ರ ತಲುಪಿತು. ನನ್ನದು ನಿಮಗೆ ತಲುಪುವುದರೊಳಗೆ ನೀವು ಇಳಿಸಿಬಿಟ್ಟಿದ್ದೀರಿ. ನಾನು ಫೋನು ಮಾಡಬಹುದಿತ್ತು. ಮಾಡಿದರೆ ನಾನು ಅಳುತ್ತೇನೆ, ನೀವು ನಗಿಸಲು ನೋಡುತ್ತೀರಿ. ಅದು ಬೇಡ.

ಮಂಗಳವಾರ, ಎಂಟನೇ ತಾರೀಕು ಕೌನ್ಸೆಲಿಂಗ್. ಹೋಗಿ ಹೆಸರು ತೆಗೆಸಿ ಬರುತ್ತೇನೆ.

ಭು.


ಚಂದಾಪುರ
7 ಜುಲೈ 2025

ಭುವನಾ,

ನಿನ್ನ ಇಪ್ಪತ್ತೇಳನೇ ತಾರೀಕಿನ ಪತ್ರ ಗುರುವಾರ ಸಿಕ್ಕಿತು, ಮುನಿಯಣ್ಣನ ತಕ್ಕಡಿಯ ಮೇಲೆ ಕಾಯುತ್ತಿತ್ತು. ಓದಿ ಫೋನು ಕೈಗೆ ತೆಗೆದುಕೊಂಡೆ, ಇಟ್ಟೆ. ಏನೆಂದು ಹೇಳಲಿ? ನಾನು ಬಂದ ದಾರಿ ಪೂರ್ತಿ ತಪ್ಪು. ಅದಕ್ಕಿಂತ ಮೊದಲೇ ಇಲ್ಲೊಬ್ಬಳು ನನಗೆ ಹೇಳಿದ್ದಳು, ನಾನು ಅವತ್ತು ನಕ್ಕು ಬಿಟ್ಟಿದ್ದೆ.

ದೋಣಿ ನೀರಿಗಿಳಿದ ದಿನ ನಾನು ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ. ಒಬ್ಬ ಹೆಂಗಸು ಬಾಳೆ ಎಲೆಯಲ್ಲಿ ಅನ್ನ, ಮೊಸರು ಹಿಡಿದು ದಂಡೆಗೆ ಬಂದಳು. ದೇವಕ್ಕ ಅಂತ ಹೆಸರು, ಈಗ ಚಂದಾಪುರದಲ್ಲಿ ಬಟ್ಟೆ ಫ್ಯಾಕ್ಟರಿಗೆ ಹೋಗುತ್ತಾಳೆ. ದೋಣಿ ನೋಡುತ್ತ ಬಹಳ ಹೊತ್ತು ನಿಂತು, ಆಮೇಲೆ ಮೆಲ್ಲಗೆ ಕೂಗಿದಳು:

"ಅಣ್ಣಾ, ನಿಮ್ ದೋಣಿ ನಮ್ಮ ಮಾರಮ್ಮನ ನೆತ್ತಿ ಮ್ಯಾಲೆ ನಿಂತದೆ. ಒಸಿ ಅತ್ಲಾಗೆ ಎಳ್ಕೊಂತೀರಾ?"

ಕ್ವಾರಿ ನಡೆಯುತ್ತಿದ್ದಾಗ ಅವಳದೂ ಸೇರಿ ಕೂಲಿಯವರ ಗುಡಿಸಲುಗಳು ಗುಂಡಿಯ ಅಡಿಯಲ್ಲೇ ಇದ್ದವಂತೆ. ಕೆಲಸ ನಿಂತಿತು, ನೀರೆತ್ತುವ ಪಂಪೂ ನಿಂತಿತು. ಒಂದು ಮಳೆಗಾಲಕ್ಕೆ ಎಲ್ಲ ಮುಚ್ಚಿತು. ಮಾರಮ್ಮನ ಕಲ್ಲು ಅಡಿಯಲ್ಲೇ ಉಳಿಯಿತು. ನಾನು ನಗುತ್ತಲೇ ಹಗ್ಗ ಎಳೆದು ದೋಣಿ ಸರಿಸಿದೆ. ಗಾಳಿ ಬಂತು, ಮತ್ತೆ ಅಲ್ಲಿಗೇ ಬಂದು ನಿಂತಿತು. ಮತ್ತೆ ಸರಿಸಿದೆ. ಅವಳು ಸಿಟ್ಟು ಮಾಡಲಿಲ್ಲ. "ಓಗ್ಲಿ ಬುಡಣ್ಣ, ನಿಮಗೆ ಕಾಣಾಕಿಲ್ವಲ್ಲ" ಎಂದು ಎಲೆ ಇಟ್ಟು ಹೋದಳು.

ಆ ಮಾತು ನಿನ್ನ ಪತ್ರ ಓದಿದ ಮೇಲೆ ನನಗೆ ಕೇಳಿಸಿತು.

ದೋಣಿಯನ್ನು ಮೇಲೆತ್ತಿಸುತ್ತೇನೆ. ಕ್ರೇನಿನವನು ಇವತ್ತು ನಾಳೆ ಎನ್ನುತ್ತಿದ್ದಾನೆ, ಕೊನೆಗೆ ಭಾನುವಾರ ಬರುತ್ತೇನೆಂದಿದ್ದಾನೆ. ರುದ್ರೇಶನಿಗೆ ಮತ್ತೆ ಮಾಕಳಿಗೆ ಎಂದಾಗ ಅವನು ಬೀಡಿ ಹಚ್ಚಿದ. ಮುನಿಯಣ್ಣ ಯಾರ್ಡಿನ ಹಿಂದೆ ಜಾಗ ಕೊಡುತ್ತಾನೆ. ಗಟ್ಟಿ ನೆಲ. ನೀನು ಮಾಕಳಿಗೆ ಹತ್ತಿರದ ನೆಲಮಂಗಲ ತಾಲ್ಲೂಕು ಬರೆಸು. ಕೈ ಮುಗಿಯುತ್ತೇನೆ, ಆನೇಕಲ್ ಬೇಡ.

ಪರಮಾನಂದ


ಬೀಳಗಿ
9 ಜುಲೈ 2025

ಇವರಿಗೆ,

ನಿನ್ನೆ ನೀವು ಮತ್ತೆ ಮತ್ತೆ ಫೋನು ಮಾಡಿದ್ದು ಹೊರಗೆ ಬಂದ ಮೇಲೆ ನೋಡಿದೆ. ಕೌನ್ಸೆಲಿಂಗ್ ಹಾಲಿನಲ್ಲಿ ಎಲ್ಲರ ಫೋನೂ ಬಂದ್. ಆಮೇಲೂ ತಿರುಗಿ ಮಾಡಲಿಲ್ಲ. ಕಾಗದದ ಮೇಲೆ ಶುರುವಾದದ್ದು ಕಾಗದದ ಮೇಲೇ ಮುಗಿಯಲಿ.

ಹೆಸರು ತೆಗೆಸಲೆಂದೇ ಹೊರಟಿದ್ದೆ. ಅವ್ವ ಬಸ್ಸಿನವರೆಗೆ ಬಂದಳು. ನಾನು ಬಸ್ಸು ಹತ್ತುವಾಗ ಸೆರಗು ಹಿಡಿದು ನಿಲ್ಲಿಸಿದಳು.

"ನೀರಿಗಿ ಒಮ್ಮೆ ಮನಿ ಕೊಟ್ಟೀವಿ. ಈಗ ಗಂಡನ್ನೂ ಕೊಟ್ಟು ಕುಂದರ್ತೀಯೇನು?"

ಹಾಲಿನಲ್ಲಿ ಹೆಸರು ಕರೆದರು. ಪರದೆಯ ಮೇಲೆ ತಾಲ್ಲೂಕುಗಳು ಓಡುತ್ತಿದ್ದವು. ನೆಲಮಂಗಲವೂ ಇತ್ತು, ಖಾಲಿ ಹುದ್ದೆಯೂ ಇತ್ತು. ಆದರೆ ನೀವಿರುವುದು ಆನೇಕಲ್ಲಿನ ನೀರಿನ ಮೇಲೆ. ಆನೇಕಲ್ ಎಂದು ಹೇಳಿ ಸಹಿ ಹಾಕಿ ಬಂದೆ. ಚಂದಾಪುರದ ಹತ್ತಿರದ ಶಾಲೆಯೇ ಸಿಕ್ಕಿತು.

ನಾನು ಸೋತೆ ಎಂದುಕೊಳ್ಳಬೇಡಿ. ಆ ದೋಣಿಗೆ ಕಾಲಿಡುವುದಿಲ್ಲ. ಚಂದಾಪುರದಲ್ಲಿ ಒಂದು ಬಾಡಿಗೆ ಕೋಣೆ ನೋಡಿ. ನಿಮ್ಮ ಮೇಲಿನ ಸಿಟ್ಟು ಹಾಗೇ ಇದೆ. ಇಷ್ಟು ದೂರದಿಂದ ಸಿಟ್ಟು ಮಾಡಿ ಮಾಡಿ ಸಾಕಾಗಿದೆ.

ಭುವನೇಶ್ವರಿ


ಚಂದಾಪುರ
14 ಜುಲೈ 2025

ಪ್ರಿಯ ಭುವನಾ,

ನಿನ್ನ ಪತ್ರ ನನ್ನ ಕೈಗೆ ಸಿಕ್ಕಿದಾಗ ನಮ್ಮ ಮನೆ ಗಾಳಿಯಲ್ಲಿ ನೇತಾಡುತ್ತಿತ್ತು.

ಎಂಟಕ್ಕೆ ಕೌನ್ಸೆಲಿಂಗ್ ಎಂದು ಬರೆದ ಚೀಟಿ ನನಗೆ ಎಂಟರ ಬೆಳಿಗ್ಗೆಯೇ ಸಿಕ್ಕಿತು, ಅದಕ್ಕೇ ಅಷ್ಟು ಫೋನು ಮಾಡಿದ್ದು. ನಿನ್ನೆ ಕ್ರೇನ್ ಬಂತು. ತೂಕ ತಿಳಿದ ಮನುಷ್ಯ ಬೇಕೆಂದು ಮುನಿಯಣ್ಣನನ್ನೂ ಕರೆಸಿದ್ದೆ. ಶನಿವಾರ ಯಾರ್ಡಿಗೆ ಬಂದ ಪತ್ರವನ್ನು ಅವನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮರೆತಿದ್ದ. ದೋಣಿ ನೀರು ಬಿಟ್ಟು ಮೇಲೆದ್ದು, ತಳದಿಂದ ನೀರು ಸುರಿಯುತ್ತಿರುವಾಗ ನೆನಪಾಗಿ ಕೊಟ್ಟ. ನಿಂತಲ್ಲೇ ಓದಿದೆ. ಕೆಳಗೆ ಟ್ರೇಲರ್ ಹಿಂದಕ್ಕೆ ತೆಗೆದುಕೊಂಡು ರುದ್ರೇಶ್ ಕಾಯುತ್ತಿದ್ದಾನೆ, ಮಾಕಳಿಗೆ ಹೋಗಲು. ನೆಲಮಂಗಲ ಎಂದ ನನ್ನ ಪತ್ರ ತಲುಪುವ ಮೊದಲೇ ನಿನ್ನ ಸಹಿ ಆನೇಕಲ್ಲಿಗೆ ಬಿದ್ದಿದೆ. ಮಾಕಳಿ ಬೇಡ ಅಂದೆ.

ರುದ್ರೇಶ್ ಕೆಳಗಿಳಿದು ಬಂದ. "ಸಾರ್, ನೀವು ಮೊದ್ಲು ಹೆಂಡ್ತೀನ ಕೇಳ್ಕೊಂಡು ಬನ್ನಿ. ಆಮೇಲೆ ನಾನು ಗಾಡಿ ತಗೊಂಡು ಬರ್ತೀನಿ."

ಕ್ರೇನಿನವನು ಮೇಲಿಂದ ಕೂಗುತ್ತಿದ್ದಾನೆ: "ಎಲ್ಲಿ ಇಳಿಸ್ಲಿ ಗುರು? ಬೇಗ ಹೇಳು, ಕೇಬಲ್ ಬಿಸಿ ಆಗ್ತಿದೆ."

ನೀರಿನ ಕಡೆ ನೋಡಿದೆ, ಟ್ರೇಲರ್ ಕಡೆ ನೋಡಿದೆ. ದಂಡೆಯ ಮೇಲೆ ಅಂದೆ.

ಈಗ ಅದು ನೀರಿನಿಂದ ಒಂದು ಹೊಲದಷ್ಟು ಹಿಂದೆ, ಕ್ವಾರಿಯದೇ ದಪ್ಪ ಕಲ್ಲುಗಳ ಮೇಲೆ ಕುಳಿತಿದೆ. ಸೋಮಪ್ಪ ಒಪ್ಪಿದ್ದಾನೆ. ದೇವಕ್ಕ ಬಂದು ನೋಡಿ, ಇಲ್ಲಾದರೆ ಅಮ್ಮನಿಗೆ ತೊಂದರೆಯಿಲ್ಲ ಅಂದಳು. ಬಾಡಿಗೆ ಕೋಣೆಯನ್ನೂ ಒಂದು ನೋಡಿಟ್ಟಿದ್ದೇನೆ, ಬೀಗದ ಕೈ ನನ್ನ ಹತ್ತಿರವಿದೆ. ಎರಡನ್ನೂ ನೀನೇ ನೋಡು. ನಾನು ಈ ಸಲ ಏನನ್ನೂ ಊಹಿಸುವುದಿಲ್ಲ.

ನಿನ್ನ,
ಪರಮಾನಂದ


ಚಂದಾಪುರ
23 ಆಗಸ್ಟ್ 2025

ರೀ,

ಇದನ್ನು ಪಾತ್ರೆಯ ಕೆಳಗಿಡುತ್ತಿದ್ದೇನೆ, ಬುತ್ತಿ ತೆಗೆಯುವಾಗಲಾದರೂ ಕಾಣಲಿ. ಒಂದೇ ಮನೆಯಲ್ಲಿದ್ದುಕೊಂಡು ಚೀಟಿ ಬರೆಯುವ ಕರ್ಮ ನಮಗೆ ಬಂದಿದೆ. ನಾನು ಏಳುವಾಗ ನೀವು ಪೀಣ್ಯದ ದಾರಿಯಲ್ಲಿರುತ್ತೀರಿ. ನೀವು ಬರುವಾಗ ನಾನು ಮಲಗಿರುತ್ತೇನೆ. ಬೀಳಗಿಯಲ್ಲಿದ್ದಾಗ ಇದಕ್ಕಿಂತ ಹೆಚ್ಚು ಮಾತಾಡುತ್ತಿದ್ದೆವು. ಇಲ್ಲೇ ಪಕ್ಕದ ಬೊಮ್ಮಸಂದ್ರದಲ್ಲಿ ಫ್ಯಾಬ್ರಿಕೇಶನ್ ಶೆಡ್ಡುಗಳಿಗೆ ಬರವೇನಿಲ್ಲ, ದೇವಕ್ಕನ ತಮ್ಮನೇ ಎರಡು ಕಡೆ ಕೇಳಿ ಬಂದಿದ್ದಾನೆ. ಈ ವಾರ ಹೋಗಿ ಬನ್ನಿ. ಮುಂದಿನ ವಾರ ಎನ್ನಬೇಡಿ.

ಮಧ್ಯಾಹ್ನ ದೋಣಿಯ ತಗಡು ಕಾದು ಒಳಗೆ ರೊಟ್ಟಿ ಸುಡಬಹುದು. ಅದಕ್ಕೊಂದು ಚಪ್ಪರ ಹಾಕಿಸಿ. ಬಾಡಿಗೆ ಕೋಣೆಯವರಿಗೆ ಬೀಗದ ಕೈ ನಾನೇ ಕೊಟ್ಟು ಬಂದೆ.

ಇವತ್ತು ಅಮಾವಾಸ್ಯೆ. ಶಾಲೆ ಬೇಗ ಬಿಟ್ಟಿತು. ದೇವಕ್ಕ ಎಲೆ ಹಿಡಿದು ಕ್ವಾರಿಯ ದಂಡೆಗೆ ಹೊರಟಿದ್ದಳು, ನಾನೂ ಒಂದು ತಟ್ಟೆ ಹಿಡಿದು ಹೋದೆ. ಅವಳು ತನ್ನ ಗುಡಿಸಲು ಎಲ್ಲಿತ್ತು, ನಲ್ಲಿ ಎಲ್ಲಿತ್ತು, ಎಲ್ಲವನ್ನೂ ಬೆರಳು ಮಾಡಿ ತೋರಿಸಿದಳು. ನಾನು ನಮ್ಮ ಊರಿನದನ್ನು ಹೇಳಿದೆ. ಕೊನೆಗೆ ಅವಳು ನೀರಿನ ಬಗ್ಗೆ ಒಂದು ಮಾತು ಅಂದಳು ನೋಡಿ, ಇಬ್ಬರೂ ದಂಡೆಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅದೇನೆಂದು ಬರೆಯುವುದಿಲ್ಲ. ಕೇಳಬೇಕೆಂದಿದ್ದರೆ ನಾಳೆಯಿಂದ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬನ್ನಿ.

ಭುವನಾ